ಎರಡನೆಯ ಅಕ್ಷರಾಭ್ಯಾಸ

ಕೇರಳವು ಸಂಪೂರ್ಣ ಸಾಕ್ಷರವೆಂದು ಘೋಷಿತವಾದುದು 1991ನೆಯ ಇಸವಿಯ ಏಪ್ರಿಲ್ 18ರಂದು. ಆದರೆ ಕಾಗದದ ವ್ಯವಹಾರಗಳು ಗಣಕಯಂತ್ರಕ್ಕೆ ಸೇರತೊಡಗಲು, ಓದುಬಲ್ಲವರೇ ಮರಳಿ ಪರರ ಸಹಾಯಕ್ಕೆ ಕೈಯೊಡ್ಡಬೇಕಾಯಿತು.

ಇದನ್ನು ಮನಗಂಡು 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ 'ಅಕ್ಷಯ' ಯೋಜನೆಯು ಮೊದಲಾಯಿತು. ಮನೆಗೊಬ್ಬರಿಗಾದರೂ ಯಂತ್ರದ ಪರಿಚಯವನ್ನುಂಟುಮಾಡುವುದೇ ಅದರ ಸಂಕಲ್ಪ. ಆದರೆ ಒಬ್ಬನು ಕಲಿತ ಮಾತ್ರಕ್ಕೆ ಮನೆಯೆಲ್ಲವೂ ಕಲಿತಂತಾಗದಷ್ಟೆ.

ಮುಂದೆ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯತಿಯು ಈ ಕೊರತೆಯನ್ನು ಕಂಡಿತು. ಅಲ್ಲಿಯ ಉದ್ಯೋಗ ಖಾತರಿಯ ಕೂಲಿಗಾರರು, ಕೂಲಿಹಣವು ಜಮೆಯಾಯಿತೇ ಎಂದು ತಿಳಿಯುವುದಕ್ಕೂ ಕೆಲಸವನ್ನು ಬಿಟ್ಟು ಬ್ಯಾಂಕಿಗೆ ಹೋಗುತ್ತಿದ್ದರು. ಕೂಲಿಯನ್ನು ವಿಚಾರಿಸಲೆಂದೇ ಕೂಲಿಯನ್ನು ಕಳೆದುಕೊಳ್ಳುವ ಸ್ಥಿತಿಯದು! 2021ರಲ್ಲಿ ಪಾಠವು ಆರಂಭವಾಯಿತು. ಶಿಷ್ಯರು ಶಾಲೆಗೆ ಬರಲೆಂದು ಕಾಯದೆ, ಕಲಿಸುವವರೇ ಕೆಲಸದ ಸ್ಥಳಗಳಿಗೂ ಮನೆಯಂಗಳಗಳಿಗೂ ಹೋದರು. ಹರೆಯದ ವಿದ್ಯಾರ್ಥಿಗಳು ಗುರುಗಳಾದರು, ವೃದ್ಧರು ಶಿಷ್ಯರಾದರು. 2022ರಲ್ಲಿ ಆ ಪಂಚಾಯತಿಯ ಕಾರ್ಯವು ಪೂರ್ಣವಾಯಿತು.

ಈ ಕ್ರಮವೇ ನಾಡಿಗೆಲ್ಲ ಹಬ್ಬಿ, ಸುಮಾರು 21.88 ಲಕ್ಷ ಜನರು ಮೊಬೈಲಿನ ಬಳಕೆಯನ್ನು ಕಲಿತರು. 2025ರ ಆಗಸ್ಟ್ 21ರಂದು ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿತವಾಯಿತು.

ಆದರೂ ಘೋಷಣೆಯೇ ವಿದ್ಯೆಯಲ್ಲ. ಅಕ್ಷರಗಳು ಸ್ಥಿರವಾದವು, ಯಂತ್ರಗಳಾದರೋ ವರ್ಷವರ್ಷಕ್ಕೂ ರೂಪವನ್ನು ಬದಲಿಸತಕ್ಕವು. ಅಂಗಳದ ಆ ಪಾಠವು ನಿಂತುಹೋದಲ್ಲಿ, ಇಂದಿನ ಸಾಕ್ಷರರು ನಾಳೆ ಮತ್ತೊಮ್ಮೆ ನಿರಕ್ಷರರಾದಾರು.