ಹೊಸೂರು ರಸ್ತೆಯಿಂದ ಬಳ್ಳಾರಿಗೆ

1985ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಔಷಧದ ಬೀರುವಿಗೆ ಕೆಲವು ಹೊಸ ಹೆಸರುಗಳು ಸೇರಿದವು. ಕ್ಲೋರ್‌ಪ್ರೊಮಜೀನ್, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಫಿನೋಬಾರ್ಬಿಟೋನ್ ಮಾತ್ರೆಗಳು. ಮಾತ್ರೆ ನುಂಗಲು ಒಪ್ಪದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಫ್ಲುಫೆನಜೀನ್ ಚುಚ್ಚುಮದ್ದು. ಜ್ವರ, ಭೇದಿ, ಹೆರಿಗೆ, ಲಸಿಕೆ ಎಂದು ಓಡಾಡಿಕೊಂಡಿದ್ದ ಹಳ್ಳಿಯ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೂ ಮದ್ದು ಸಿಗತೊಡಗಿತು.

ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ಅದಕ್ಕೂ ಹಿಂದಿನ ಸ್ಥಿತಿ ನೆನೆದರೆ ತಿಳಿಯುತ್ತದೆ. ಆ ಜಿಲ್ಲೆಯ ಕೂಡ್ಲಿಗಿ ಕಡೆಯ ಒಂದು ಮನೆಯಲ್ಲಿ ಹರೆಯದ ಮಗ ಊಟ ನಿದ್ದೆ ಬಿಟ್ಟು ಒಬ್ಬನೇ ಮಾತಾಡಿಕೊಳ್ಳತೊಡಗಿದರೆ ಗಾಳಿ ಸೋಕಿದೆ ಎಂದರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಯಾವುದಕ್ಕೂ ಬಗ್ಗದಿದ್ದರೆ ಸಾಲ ಮಾಡಿ ಧಾರವಾಡಕ್ಕೋ ದೂರದ ಬೆಂಗಳೂರಿಗೋ ಬಸ್ಸು ಹತ್ತಬೇಕು. ಅಷ್ಟು ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತಿತ್ತು. ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿದ ಮನೆಗಳೂ ಇದ್ದವು. ಅವರೆಲ್ಲ ಕ್ರೂರಿಗಳಾಗಿರಲಿಲ್ಲ. ಹೊಲದ ಕೆಲಸಕ್ಕೆ ಹೋಗಲೇಬೇಕಾದವರಿಗೆ ಬೇರೆ ದಾರಿ ಕಾಣುತ್ತಿರಲಿಲ್ಲ, ಅಷ್ಟೆ.

ಆ ಔಷಧಗಳು ಬಳ್ಳಾರಿಗೆ ಬಂದ ದಾರಿ ಉದ್ದನೆಯದು. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1847ರಲ್ಲಿ, ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ. ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಿಂತ ಕಾವಲೇ ಮುಖ್ಯವಾಗಿತ್ತು. ಊರಿಗೆ ತೊಂದರೆಯಾಗದಂತೆ ಕೆಲವರನ್ನು ಗೋಡೆಯೊಳಗಿಡುವುದು ಸರ್ಕಾರದ ಉದ್ದೇಶ. 1912ರ ಭಾರತೀಯ ಲುನಸಿ ಕಾಯ್ದೆಯೂ ಬಹುಪಾಲು ಇದೇ ಮನೋಭಾವದ್ದು. ಆ ಕಾನೂನು ದೇಶದಲ್ಲಿ 1990ರ ದಶಕದವರೆಗೂ ಉಳಿದುಕೊಂಡಿತೆಂಬುದನ್ನು ಇಂದಿನವರು ನಂಬಲಿಕ್ಕಿಲ್ಲ.

ಮೈಸೂರು ಸಂಸ್ಥಾನ ಕೊಂಚ ಬೇರೆ ಹಾದಿ ಹಿಡಿಯಿತು. 1925ರಲ್ಲಿ ಬೆಂಗಳೂರಿನ ಆ ಹುಚ್ಚಾಸ್ಪತ್ರೆ ಮಾನಸಿಕ ಆಸ್ಪತ್ರೆಯಾಯಿತು. ಅದರ ಸೂಪರಿಂಟೆಂಡೆಂಟ್ ಆಗಿದ್ದ ಡಾ. ಫ್ರಾಂಕ್ ನೊರೋನ್ಹ ಹಳೆಯ ಇಕ್ಕಟ್ಟು ಕಟ್ಟಡ ಸಾಲದೆಂದು ವಾದಿಸಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಊರು, ಕೆರೆ, ತೋಟಗಳ ಬಗ್ಗೆ ಒಲವಿದ್ದ ಆಡಳಿತ. 1930ರ ದಶಕ ಮುಗಿಯುವುದರೊಳಗೆ ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲವಾದ ಜಾಗಕ್ಕೆ ಬಂತು. ಕಾಯಿಲೆಯವರಿಗೆ ಗಾಳಿ, ಬೆಳಕು, ಓಡಾಡಲು ಮರಗಳ ನೆರಳು ಬೇಕೆಂಬುದು ಇಂದು ಸಾಮಾನ್ಯ ಮಾತು. ಅಂದು ಅದಕ್ಕೆ ಹಣ ಎತ್ತಿಡಲು ಒಂದು ಸರ್ಕಾರವನ್ನು ಒಪ್ಪಿಸಬೇಕಿತ್ತು.

ನೊರೋನ್ಹ ಅವರ ನಂತರದ ದೊಡ್ಡ ಹೆಸರು ಡಾ. ಎಂ.ವಿ. ಗೋವಿಂದಸ್ವಾಮಿ. ವೈದ್ಯಶಾಸ್ತ್ರದಷ್ಟೇ ಮನಶ್ಶಾಸ್ತ್ರ, ತತ್ತ್ವಶಾಸ್ತ್ರಗಳಲ್ಲಿ ಆಸಕ್ತಿಯಿದ್ದ ಮನುಷ್ಯ. ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಇಡೀ ದೇಶಕ್ಕೆ ಇರುವುದು ಹತ್ತು ಸಾವಿರದಷ್ಟು ಮಾನಸಿಕ ಆಸ್ಪತ್ರೆಯ ಹಾಸಿಗೆಗಳು ಮಾತ್ರ ಎಂದು ಲೆಕ್ಕ ಕೊಟ್ಟು, ತರಬೇತಿಗೆ ಒಂದು ರಾಷ್ಟ್ರೀಯ ಸಂಸ್ಥೆ ಬೇಕೆಂದು ಹೇಳಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನ ಇದೇ ಆವರಣದಲ್ಲಿ ತಲೆಯೆತ್ತಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. ಈ ಸಂಸ್ಥೆ ಮತ್ತು ರಾಜ್ಯದ ಮಾನಸಿಕ ಆಸ್ಪತ್ರೆ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು.

ಆಸ್ಪತ್ರೆ ಬೆಳೆಯಿತು, ಓದಿದ ವೈದ್ಯರು ಬಂದರು. ಆದರೆ ಗುಣವಾಗಿ ಮನೆಗೆ ಹೋದವರ ಪಾಡೇನು? ಈ ಪ್ರಶ್ನೆಯನ್ನು ಕನ್ನಡಿಗರ ಮುಂದೆ ತಂದು ನಿಲ್ಲಿಸಿದ್ದು ಒಬ್ಬ ಕಾದಂಬರಿಕಾರ್ತಿ. ಮನಶ್ಶಾಸ್ತ್ರ ಓದಿದ್ದ ಮೈಸೂರಿನ ತ್ರಿವೇಣಿ ‘ಶರಪಂಜರ’ ಬರೆದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಅವರಿಗೆ ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ಅದನ್ನು ತೆರೆಗೆ ತಂದದ್ದನ್ನು ನೋಡುವ ಅವಕಾಶ ಸಿಗಲಿಲ್ಲ. ಕಲ್ಪನಾ ಮಾಡಿದ ಕಾವೇರಿಯ ಪಾತ್ರ ಹೆರಿಗೆಯ ನಂತರ ಮನಸ್ಸಿನ ಹಿಡಿತ ತಪ್ಪಿ ಆಸ್ಪತ್ರೆ ಸೇರುತ್ತದೆ, ಚೇತರಿಸಿಕೊಂಡು ಮನೆಗೆ ಬರುತ್ತದೆ. ಆಸ್ಪತ್ರೆ ಕೈಬಿಡಲಿಲ್ಲ, ಮನೆಯವರ ನೋಟ, ನೆರೆಯವರ ಪಿಸುಮಾತು, ಗಂಡನ ದೂರ ಆಕೆಯನ್ನು ಮತ್ತೆ ಅಲ್ಲಿಗೇ ತಳ್ಳುತ್ತವೆ. ಹೆರಿಗೆಯ ನಂತರ ಬರುವ ಮನೋವ್ಯಾಧಿಯ ಬಗ್ಗೆ ಯಾವ ಆರೋಗ್ಯ ಇಲಾಖೆಯೂ ಬಾಣಂತಿಯರಿಗೆ ಹೇಳದಿದ್ದ ದಿನಗಳಲ್ಲಿ ಟೆಂಟ್ ಸಿನಿಮಾದಲ್ಲಿ ಕೂತ ಹೆಂಗಸರು ಅದನ್ನು ಕಂಡು ಅತ್ತರು. ಚಿಕಿತ್ಸೆಯ ಅರ್ಧ ಭಾಗ ಮನೆಯಲ್ಲಿದೆ ಎಂಬುದನ್ನು ಆ ಚಿತ್ರ ಹೇಳಿದಷ್ಟು ಗಟ್ಟಿಯಾಗಿ ಬೇರೆ ಯಾವುದೂ ಹೇಳಿರಲಿಲ್ಲ.

ಕನ್ನಡದಲ್ಲಿ ಇಂಥ ಓದಿಗೆ ನೆಲ ಹದವಾಗಿತ್ತು ಎನ್ನಬೇಕು. ‘ಕೊರವಂಜಿ’ ಹಾಸ್ಯಪತ್ರಿಕೆಯ ಸಂಪಾದಕರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅದೇ 1976ರಲ್ಲಿ ಪ್ರಕಟವಾದ ಇನ್ನೊಂದು ಪುಸ್ತಕ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’. ಶಿವರಾಮ ಕಾರಂತರ ಹುಟ್ಟೂರು ಕೋಟವೇ ಇದರ ವಸ್ತು. ಎಡಿನ್‌ಬರೋದ ಮನೋವೈದ್ಯ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಮಣಿಪಾಲದಲ್ಲಿದ್ದ ಡಾ. ಆರ್.ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ, ಜನರ ಮನಸ್ಸಿನ ನೋವು ನಲಿವುಗಳನ್ನು ವಿಚಾರಿಸಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡುವ ವೈದ್ಯನಿಗೆ ಕಾಣದ ಒಂದು ಲೋಕ ಅಲ್ಲಿ ತೆರೆದುಕೊಂಡಿತು.

ಇಂಗ್ಲೆಂಡಿನ ಪ್ರಶ್ನಾವಳಿ ಕೋಟದಲ್ಲಿ ನಡೆಯುವಂತಿರಲಿಲ್ಲ. ‘ನಿಮಗೆ ಖಿನ್ನತೆ ಇದೆಯೇ’ ಎಂದರೆ ಯಾರು ಏನು ಹೇಳಿಯಾರು? ಜನ ಹೇಳುತ್ತಿದ್ದದ್ದು ಎದೆ ಡವಗುಡುತ್ತದೆ, ತಲೆ ಧಿಮ್ಮೆನ್ನುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ ಎಂದು. ಮೈಯ ಸಂಕಟಗಳನ್ನೂ ಮೈಮೇಲೆ ಬರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಸ ಪ್ರಶ್ನಾವಳಿಯೊಂದನ್ನು ಕಪೂರ್, ಅವರ ಪತ್ನಿ ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ರೂಪಿಸಿದರು. ಆ ಊರಿನಲ್ಲಿ ಕಷ್ಟಕ್ಕೆ ಆಗುವವರು ಹಲವರಿದ್ದರು. ನಾಟಿ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು, ಜೊತೆಗೆ ಇಂಗ್ಲಿಷ್ ಮದ್ದಿನ ಡಾಕ್ಟರು. ಜನ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ಪಾತ್ರಿಯ ಬಳಿ ಪ್ರಶ್ನೆ ಕೇಳಿಸಿಕೊಂಡು ಬಂದು ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಓದಿದವರು, ಓದದವರು ಎಂಬ ಭೇದವೂ ಅದರಲ್ಲಿ ಹೆಚ್ಚಿರಲಿಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ವರದಿ ಮುಗಿಸುವುದು ಸುಲಭವಿತ್ತು. ಕಪೂರ್ ಹಾಗೆ ಮಾಡಲಿಲ್ಲ. ಜನ ಯಾರ ಹತ್ತಿರ ಹೋಗುತ್ತಾರೆ, ಅಲ್ಲಿ ಅವರಿಗೇನು ಸಿಗುತ್ತದೆ ಎಂಬುದನ್ನು ತಿಳಿಯದೆ ಹಳ್ಳಿಗೆ ಯಾವ ಆರೋಗ್ಯ ಯೋಜನೆಯನ್ನೂ ಹೂಡಬಾರದೆಂಬುದು ಅವರು ಕೋಟದಿಂದ ಹೊತ್ತು ತಂದ ತಿಳಿವಳಿಕೆ. ಈ ಸಂಯಮ ಆ ತಲೆಮಾರಿನ ವೈದ್ಯರಲ್ಲಿ ಅಪರೂಪದ್ದು.

ಆ ತಿಳಿವಳಿಕೆಯೊಂದಿಗೆ ಕಪೂರ್ ನಿಮ್ಹಾನ್ಸ್‌ಗೆ ಬಂದರು. 1975ರ ಸುಮಾರಿಗೆ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಹುಟ್ಟಿತು. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ದೇಶದಲ್ಲಿ ಮನೋವೈದ್ಯರ ಸಂಖ್ಯೆ ತೀರಾ ಕಡಿಮೆ, ಇನ್ನು ಐವತ್ತು ವರ್ಷ ಕಾದರೂ ಹಳ್ಳಿಗೊಬ್ಬರು ಸಿಗುವುದಿಲ್ಲ. ಹಾಗಾದರೆ ಈಗಾಗಲೇ ಹಳ್ಳಿಯಲ್ಲಿರುವ ಡಾಕ್ಟರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಇದನ್ನು ಕಲಿಸಬಹುದೇ? ಸಕಲವಾರದ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯಿತು. ಕಲಿಸಬೇಕಾದ ಪಾಠವನ್ನು ನಾಲ್ಕು ಗುಂಪಿಗೆ ಇಳಿಸಿದರು: ತೀವ್ರ ಮನೋರೋಗ, ಸಣ್ಣಪುಟ್ಟ ಮನೋಬೇನೆಗಳು, ಮೂರ್ಛೆರೋಗ ಮತ್ತು ಮಕ್ಕಳ ಬುದ್ಧಿಮಾಂದ್ಯತೆ.

ಅದೇ ದಶಕದಲ್ಲಿ ನಿಮ್ಹಾನ್ಸ್ ಆವರಣದೊಳಗೂ ಮನೆಯವರಿಗೆ ಜಾಗ ಸಿಕ್ಕಿತು. ಕಾಯಿಲೆಯವರ ಜೊತೆ ಕುಟುಂಬವೂ ಬಂದು ಉಳಿಯುವ ವ್ಯವಸ್ಥೆ ಬೆಳೆಯಿತು. ಈ ಹಾದಿಯ ಮೊದಲ ಹೆಜ್ಜೆ ಪಂಜಾಬಿನದು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ತಮ್ಮ ತುಂಬಿ ತುಳುಕುತ್ತಿದ್ದ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ಉಳಿಸಿಕೊಂಡು ಅವರೊಡನೆ ಕೂತು ಮಾತಾಡುತ್ತಿದ್ದರು.

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಕಾಗದದ ಮೇಲಿನ ಕಾರ್ಯಕ್ರಮ ಒಂದಿಡೀ ಜಿಲ್ಲೆಯಲ್ಲಿ ನಡೆಯಬಲ್ಲುದೇ ಎಂದು ನೋಡಲು ಆರಿಸಿದ್ದು ಬಳ್ಳಾರಿ. ಸುಮಾರು 15 ಲಕ್ಷ ಜನರ, ಬಿಸಿಲಿನ, ಬಡತನದ ಜಿಲ್ಲೆ.

ಅಲ್ಲಿ ನಡೆದದ್ದರಲ್ಲಿ ಥಳುಕಿನದೇನೂ ಇರಲಿಲ್ಲ. ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಲ್ಲಿ ಜ್ವರ, ಬಸುರಿ, ಕೂಸಿನ ವಿಚಾರ ಕೇಳುವಾಗಲೇ ಇನ್ನೂ ಮೂರು ಮಾತು ಸೇರಿಸಬೇಕು. ಮನೆಯಲ್ಲಿ ಯಾರಾದರೂ ಸುಮ್ಮಸುಮ್ಮನೆ ಮಾತಾಡುತ್ತಾರಾ, ನಗುತ್ತಾರಾ? ಫಿಟ್ಸ್ ಬರುತ್ತಾ? ಕೂಸು ನಡೆಯುವುದು, ಮಾತಾಡುವುದು ತಡವಾಗಿದೆಯಾ? ಹೌದೆಂದರೆ ಕೇಂದ್ರಕ್ಕೆ ಕರೆತರಬೇಕು. ಡಾಕ್ಟರು ನೋಡಿ, ಸರಳವಾದ ಒಂದು ಕಾರ್ಡಿನಲ್ಲಿ ಬರೆದು, ಮದ್ದು ಕೊಡುತ್ತಾರೆ. ತಿಂಗಳಾದರೂ ಮರಳಿ ಬರದವರ ಮನೆಗೆ ಕಾರ್ಯಕರ್ತರೇ ಹೋಗಿ ಯಾಕೆ ಬಂದಿಲ್ಲವೆಂದು ಕೇಳುತ್ತಾರೆ. ಪ್ರತಿ ಕೇಂದ್ರದಿಂದ ತಿಂಗಳ ವರದಿ ಜಿಲ್ಲೆಗೆ ಹೋಗುತ್ತದೆ, ಮದ್ದು ಮುಗಿದಿದ್ದರೆ ಅದರಲ್ಲೇ ತಿಳಿಯುತ್ತದೆ. ಬಂದವರಲ್ಲಿ ಮೂರ್ಛೆರೋಗದವರ ಪಾಲು ದೊಡ್ಡದಿತ್ತು. ಕೆಲವೇ ಪೈಸೆಯ ಫಿನೋಬಾರ್ಬಿಟೋನ್ ಮಾತ್ರೆಯಿಂದ ಫಿಟ್ಸ್ ಹತೋಟಿಗೆ ಬಂದ ಹುಡುಗಿ ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ ಭಯವಿಲ್ಲದೆ ನಿಲ್ಲಬಹುದು. ಅವಳಿಗೆ ಮದುವೆಯ ಮಾತುಕತೆ ಬರಬಹುದು. ಇಂಥ ಒಂದು ಮನೆಯ ಬದಲಾವಣೆ ಕಂಡ ಊರಿಗೆ ಭಾಷಣ ಬೇಕಿರಲಿಲ್ಲ. ಮುಂದಿನ ತಿಂಗಳು ಪಕ್ಕದ ಓಣಿಯವರೂ ಬರುತ್ತಿದ್ದರು.

ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಬೀರುವಿನಲ್ಲಿ ಮದ್ದಿರಲಿಲ್ಲ. ಅವರ ತಾಯಂದಿರಿಗೆ ಹೇಳಬೇಕಾದದ್ದೂ ಪಾಠದಲ್ಲಿತ್ತು: ಇದು ಪಾಪದ ಫಲವಲ್ಲ, ಬಟ್ಟೆ ಹಾಕಿಕೊಳ್ಳುವುದನ್ನು, ಉಣ್ಣುವುದನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಲಿಸಬಹುದು. ಆಟಿಸಂ ಎಂಬ ಹೆಸರು ಆಗ ಹಳ್ಳಿಯ ಕೇಂದ್ರಕ್ಕೆ ತಲುಪಿರಲಿಲ್ಲ. ಅಂಥ ಎಷ್ಟೋ ಮಕ್ಕಳು ಬುದ್ಧಿಮಾಂದ್ಯರ ಪಟ್ಟಿಯಲ್ಲೋ ಹಟಮಾರಿಗಳ ಲೆಕ್ಕದಲ್ಲೋ ಕಳೆದುಹೋಗಿರಲೇಬೇಕು. ಆಟಿಸಂ ಕಾನೂನಿನೊಳಗೆ ಬಂದದ್ದು 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದರ ಜೊತೆಗೆ ಕಲಿಕೆಯ ನಿರ್ದಿಷ್ಟ ತೊಡಕುಗಳನ್ನೂ 21 ಬಗೆಗಳ ಪಟ್ಟಿಗೆ ಸೇರಿಸಿತು. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಇಲ್ಲ. ತರಗತಿಯಲ್ಲಿ ಕೂತಲ್ಲಿ ಕೂರಲಾಗದ ಮಗುವಿಗೆ ಬೈಗುಳ ತಪ್ಪಬೇಕಾದರೆ ಇನ್ನೂ ಮಾಡಬೇಕಾದದ್ದಿದೆ.

ಬಳ್ಳಾರಿಯ ಮಾದರಿ ದೇಶಕ್ಕೆ ಹೋಯಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ನಾಲ್ಕು ಜಿಲ್ಲೆಗಳಲ್ಲಿ, ಆಮೇಲೆ ನೂರಾರು ಜಿಲ್ಲೆಗಳಲ್ಲಿ ಬಂತು. ಹಬ್ಬಿದ ಹಾಗೆ ತೆಳುವೂ ಆಯಿತು. ಹಲವೆಡೆ ಅದು ಜಿಲ್ಲಾಸ್ಪತ್ರೆಯ ಒಂದು ಕೋಣೆಯ ಹೊರರೋಗಿ ವಿಭಾಗಕ್ಕೆ ಕುಗ್ಗಿತು. ಮದ್ದು ಬರುವುದು ನಿಂತರೆ ರೋಗಿಯೂ ಬರುವುದು ನಿಲ್ಲುತ್ತಿತ್ತು. ಮನೆ ಬಾಗಿಲಿನ ಆ ಪ್ರಶ್ನೆಗಳೇ ಮೊದಲು ಬಿಟ್ಟುಹೋದವು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾ ಬಳಿಯ ಶೆಡ್ಡೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾಗದೆ ಸತ್ತರು. ಅವರಲ್ಲಿ ಯಾರನ್ನೂ ಮನೆಯವರು ಸಾಯಲೆಂದು ಅಲ್ಲಿ ಬಿಟ್ಟಿರಲಿಲ್ಲ. ಗುಣವಾಗಲೆಂದೇ ಬಿಟ್ಟಿದ್ದರು. ಹತ್ತಿರದಲ್ಲಿ ಮದ್ದೂ ಮಾತೂ ಸಿಗುವ ಜಾಗವೊಂದಿದ್ದರೆ ಅವರಲ್ಲಿ ಹಲವರು ಬದುಕಿರುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು, ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿತು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮನೋತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ. 70ರಿಂದ 92ರಷ್ಟು. ಇವರಲ್ಲಿ ಹೆಚ್ಚಿನವರದು ಸರಪಳಿಯ ಕಥೆಯಲ್ಲ. ನಿದ್ದೆ ಬಾರದ, ಕೆಲಸದಲ್ಲಿ ಬಸವಳಿದ, ಬೆಳಗ್ಗೆ ಎದ್ದರೆ ಯಾವುದೂ ಬೇಡವೆನಿಸುವ ಸಾಮಾನ್ಯರು ಅವರು. ಅಂಥವರು ಹೊಸೂರು ರಸ್ತೆಯ ಗೇಟು ದಾಟಲು ಹಿಂಜರಿಯುತ್ತಾರೆಂದೇ ನಿಮ್ಹಾನ್ಸ್ ಬಿಟಿಎಂ ಬಡಾವಣೆಯಲ್ಲಿ ಕ್ಷೇಮ ಕೇಂದ್ರವನ್ನು ತೆರೆದಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇಂದು ಹಳ್ಳಿಯಲ್ಲಿ ಮನೆ ಬಾಗಿಲು ತಟ್ಟುವವರು ಆಶಾ ಕಾರ್ಯಕರ್ತೆಯರು. ಬಸುರಿಯರ ಪಟ್ಟಿ, ಲಸಿಕೆ, ಕ್ಷಯ, ರಕ್ತದೊತ್ತಡ, ಮೊಬೈಲ್ ಆಪ್‌ಗೆ ತುಂಬಬೇಕಾದ ಮಾಹಿತಿ, ಇದೆಲ್ಲದರ ಜೊತೆ ಯಾರ ಮನಸ್ಸು ಕುಗ್ಗಿದೆ ಎಂಬುದನ್ನೂ ಅವರೇ ಗಮನಿಸಬೇಕೆಂಬ ನಿರೀಕ್ಷೆ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಧರಣಿ ಕೂತಿದ್ದರು. ತಿಂಗಳಿಗೆ ನಿಗದಿತ ಗೌರವಧನ ಕೊಡಿ ಎಂಬುದು ಅವರ ಮುಖ್ಯ ಬೇಡಿಕೆ. ಬಳ್ಳಾರಿಯಲ್ಲಿ ಕೆಲಸ ನಡೆದದ್ದು ತಿಂಗಳು ತಿಂಗಳು ತಪ್ಪದೆ ಮನೆಗೆ ಹೋದ ಕಾರ್ಯಕರ್ತರಿಂದ. ಆ ಜಿಲ್ಲೆಯ ಅನುಭವವನ್ನು ಮತ್ತೆ ಎತ್ತಿಕೊಳ್ಳುವ ಯಾವ ಸರ್ಕಾರವಾದರೂ ಮಾತ್ರೆಗೆ ಹಣ ಇಡುವ ಮೊದಲು ಈ ಹೆಂಗಸರ ಕೈಗೆ ಸಂಬಳ ಇಡಬೇಕು, ಅವರ ಹೆಗಲಿನ ಪಟ್ಟಿಯಿಂದ ಒಂದೆರಡು ಕೆಲಸಗಳನ್ನಾದರೂ ಇಳಿಸಬೇಕು.