ಮಹಾಕಥನವೂ ಗಣೆಯ ಹಾಡೂ

ಶಿರೆಯ ಚರಿತ್ರೆಯನ್ನು ಬರೆಯಹೊರಟವರು ರಂಗಪ್ಪನಾಯಕನ ಕೋಟೆ, ರಣದುಲ್ಲಾಖಾನನ ದಂಡಯಾತ್ರೆ, ೧೬೮೭ರ ತರುವಾಯದ ಮೊಗಲರ ಸುಬಾ ಎಂಬ ಕ್ರಮದಲ್ಲಿಯೇ ನಡೆಯುವುದು ವಾಡಿಕೆ. ಮಧುಗಿರಿ, ಕೊರಟಗೆರೆ, ಪಾವಗಡಗಳ ಚರಿತ್ರೆಯೂ ಹಾಗೆಯೇ ಪಾಳೆಯಗಾರರ ದುರ್ಗಗಳನ್ನು ಹತ್ತಿ ಇಳಿಯುತ್ತದೆ. ಇದೇ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಾದರೋ ಬೇರೊಂದು ಚರಿತ್ರೆಯುಂಟು. ಅದರ ನಾಯಕನು ದನಗಾಹಿ ವೀರನಾದ ಜುಂಜಪ್ಪ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆಯಿದೆ. ಗಣೆಯೆಂಬ ನೀಳವಾದ ಬಿದಿರ ಕೊಳಲನ್ನು ನುಡಿಸುತ್ತ ಅವನ ಕಥೆಯನ್ನು ಹಾಡುವರು. ಒಬ್ಬ ಗಣೆಗಾರನ ಬಾಯಲ್ಲಿ ಕಥೆ ಬೆಳೆಯುತ್ತದೆ, ಇನ್ನೊಬ್ಬನ ಬಾಯಲ್ಲಿ ಕುಗ್ಗುತ್ತದೆ. ಇದರ ಕರ್ತೃ ಯಾರೆಂದು ಕೇಳುವವರಿಲ್ಲ.

ಪ್ಯಾರಿಸ್ ನಗರದ ಪಂಡಿತರು ಈ ಪ್ರಶ್ನೆಗೆ ಬಹು ತಡವಾಗಿ ಬಂದರು. ಗ್ರಂಥಕರ್ತನು ಮರಣಹೊಂದಿದನೆಂದೂ ಕೃತಿಯ ಅರ್ಥವು ಓದುಗನಲ್ಲಿ ಕೂಡಿಬರುವುದೆಂದೂ ರೋಲಾ ಬಾರ್ತ್ ೧೯೬೭ರಲ್ಲಿ ವಾದಿಸಿದನು. ಜ್ಞಾನವೂ ಅಧಿಕಾರವೂ ಒಂದನ್ನೊಂದು ಪೋಷಿಸುವ ಬಗೆಯನ್ನು ಮಿಶೆಲ್ ಫೂಕೋ ತೋರಿಸಿದನು. ಕೊನೆಗೆ ೧೯೭೯ರಲ್ಲಿ ಲ್ಯೋತಾರನು, ಮನುಕುಲವೆಲ್ಲ ಒಂದೇ ದಾರಿಯಲ್ಲಿ ವಿಮೋಚನೆಯತ್ತ ಸಾಗಿದೆಯೆಂಬ ಮಹಾಕಥನಗಳಲ್ಲಿ ನಂಬಿಕೆ ಅಳಿದಿರುವುದೇ ಆಧುನಿಕೋತ್ತರ ಸ್ಥಿತಿಯ ಲಕ್ಷಣವೆಂದನು. ಇಷ್ಟು ಸಂಶಯದ ಗ್ರಂಥವು ಕೆನಡಾದ ಕ್ವಿಬೆಕ್ ಸರಕಾರಕ್ಕೆ ಒಪ್ಪಿಸಿದ ವರದಿಯಾಗಿದ್ದುದು ವಿನೋದವೇ ಸರಿ.

ಅದೇ ೧೯೭೯ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯು ಹುಟ್ಟಿತು. ಅದರ ಸಂಚಾಲಕರಾದ ರಾಮಚಂದ್ರಪ್ಪನವರು ಶಿರಾ ತಾಲ್ಲೂಕಿನ ಬರಗೂರಿನವರು. ವರ್ಷ ಒಂದಾದ ಮಾತ್ರಕ್ಕೆ ಒಂದು ಇನ್ನೊಂದರ ಫಲವೆನ್ನಲಾಗದು. ಚರಿತ್ರೆ ಯಾರದು, ಬರೆದವರು ಯಾರು ಎಂದು ಬಂಡಾಯದವರೂ ಕೇಳಿದರು. ಬರಗೂರರು ಮುಂದೆ ಉಪಸಂಸ್ಕೃತಿಗಳ ಅಧ್ಯಯನಕ್ಕೂ ಇಂಬುಕೊಟ್ಟರು. ಆದರೆ ಸಮಾನತೆಯೆಂಬ ಮಹಾಕಥನವನ್ನು ಅವರು ಬಿಟ್ಟುಕೊಡಲಿಲ್ಲ. ಅಂಬೇಡ್ಕರರ ಮಾತು ಊರ ಹೊರಗಿನ ಕೇರಿಗಳಿಗೆ ಆಗತಾನೆ ತಲುಪುತ್ತಿದ್ದ ಕಾಲದಲ್ಲಿ, ಅದೂ ಹಳತಾದ ಕಥೆಯೆನ್ನುವುದು ಉಂಡವರ ಮಾತಾಗುತ್ತಿತ್ತು.

ಈ ಭೇದದ ತೂಕ ತಿಳಿಯಬೇಕಾದರೆ ಮತ್ತೆ ಹಟ್ಟಿಗೇ ಬರಬೇಕು. ಜುಂಜಪ್ಪನ ಹಾಡನ್ನು ಕಾಪಾಡಿದ ಹಟ್ಟಿಗಳಲ್ಲಿಯೇ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹೊರಗಿನ ಗುಡಿಸಲಿನಲ್ಲಿರಿಸುವ ರೂಢಿಯಿತ್ತು. ಪ್ರತಿಯೊಂದು ಕಿರುಕಥನವನ್ನೂ ಅದರ ಅಳತೆಗೋಲಿನಿಂದಲೇ ಅಳೆಯತಕ್ಕದ್ದೆಂದರೆ, ಮಳೆಯಲ್ಲಿ ಕೂಸನ್ನು ತಬ್ಬಿ ಕುಳಿತ ಬಾಣಂತಿ ಯಾರಲ್ಲಿ ಮೊರೆಯಿಡಬೇಕು? ಹಟ್ಟಿಯ ಬಾಳನ್ನೆಲ್ಲ ಅಜ್ಞಾನವೆಂದು ಗುಡಿಸಿಹಾಕುವ ಸುಧಾರಕನು ಗಣೆಯನ್ನೂ ಕಳೆಯುವನು, ನಿಜ. ಹಾಡನ್ನು ಉಳಿಸಹೋಗಿ ಗುಡಿಸಲಿನ ವಿಷಯದಲ್ಲಿ ಬಾಯಿಮುಚ್ಚುವವನು ಅವನಿಗಿಂತ ಮೇಲಲ್ಲ. ೨೦೧೭ರಲ್ಲಿ ಕರ್ನಾಟಕದ ಶಾಸನಸಭೆಯು ಅಮಾನವೀಯ ಆಚರಣೆಗಳನ್ನು ತಡೆಯುವ ಅಧಿನಿಯಮವನ್ನು ಅಂಗೀಕರಿಸಿ, ಹೀಗೆ ಬಲವಂತದಿಂದ ಹೊರಗಿಡುವುದನ್ನೂ ಅಪರಾಧಗಳ ಸಾಲಿಗೆ ಸೇರಿಸಿತು. ಆ ಬಳಿಕವೂ ಕೆಲವು ಹಟ್ಟಿಗಳ ಅಂಚಿನಲ್ಲಿ ಗುಡಿಸಲುಗಳು ಉಳಿದುಬಂದವು.