ಇಗರ್ಜಿ ಎಂದರೆ ಮನೆಯೋ, ಮಂದಿಯೋ?



ನವೆಂಬರ್ 9ರಂದು ನಾವು ರೋಮಿನ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತೇವೆ. ಸಂತರ ಹಬ್ಬಗಳ ನಡುವೆ ಒಂದು ಕಟ್ಟಡಕ್ಕೇಕೆ ಹಬ್ಬ ಎಂದು ಕೆಲವರು ಕೇಳುವುದುಂಟು. ನಾವು ದಿನವೂ ಆಡುವ ಒಂದು ಪದದ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ.

ನಮ್ಮಲ್ಲಿ ಕೆಲವರು 'ಇಗರ್ಜಿ' ಎನ್ನುತ್ತಾರೆ, ಕೆಲವರು 'ಚರ್ಚು' ಎನ್ನುತ್ತಾರೆ. ಅರ್ಥ ಒಂದೇ ಆದರೂ ಇವು ಒಂದೇ ತಾಯಿಯ ಮಕ್ಕಳಲ್ಲ.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಮೇಲೆ ಅವರ 'ಇಗ್ರೇಜ' ಕೊಂಕಣಿಯೊಳಗೆ ಬಂದು, ಅಲ್ಲಿಂದ ಕನ್ನಡದಲ್ಲಿ 'ಇಗರ್ಜಿ' ಆಯಿತು. ಇದರ ಬೇರು ಗ್ರೀಕ್ ಭಾಷೆಯ 'ಎಕ್ಲೇಸಿಯ'. ಅಥೆನ್ಸ್ ನಗರದಲ್ಲಿ ಪ್ರಜೆಗಳು ಸೇರುತ್ತಿದ್ದ ಸಭೆಗೆ ಆ ಹೆಸರಿತ್ತು. ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಇಸ್ರಯೇಲರ ಸಭೆಗೂ ಅದನ್ನೇ ಬಳಸಿದರು. ಸ್ಪೇನಿನ 'ಇಗ್ಲೇಸಿಯ', ಇಟಲಿಯ 'ಕಿಯೇಸ', ಫ್ರಾನ್ಸಿನ 'ಎಗ್ಲೀಸ್' ಎಲ್ಲವೂ ಇದೇ ಬೇರಿನ ಕೊಂಬೆಗಳು. ಇವುಗಳ ಮೂಲದಲ್ಲಿರುವುದು ಕಲ್ಲು-ಗಾರೆಯಲ್ಲ, ಕೂಡಿಬಂದ ಮಂದಿ.

ಉತ್ತರದ ಸ್ಕ್ಯಾಂಡಿನೇವಿಯದಲ್ಲಿ ದಾರಿ ಬೇರೆ. ಡೇನರು, ನಾರ್ವೆಯವರು 'ಕಿರ್ಕೆ' ಎಂದು ಬರೆಯುತ್ತಾರೆ, ಐಸ್‌ಲ್ಯಾಂಡಿನವರದು 'ಕಿರ್ಕ್ಯ'. 9ನೇ ಶತಮಾನದಲ್ಲಿ ಸಂತ ಆನ್ಸ್‌ಗರ್ ಆ ನಾಡುಗಳಿಗೆ ಶುಭಸಂದೇಶ ಒಯ್ದರು. ಜರ್ಮನ್ ಮತ್ತು ಇಂಗ್ಲಿಷ್ ನಾಡುಗಳಿಂದ ಹೋದ ಧರ್ಮಪ್ರಚಾರಕರೊಡನೆ ಈ ಪದವೂ ಅಲ್ಲಿಗೆ ತಲುಪಿತು. ನಮ್ಮ 'ಚರ್ಚು' ಇದರ ಒಡಹುಟ್ಟು. ಇವೆಲ್ಲಕ್ಕೂ ಮೂಲ ಗ್ರೀಕಿನ 'ಕ್ಯುರಿಯಕೋನ್', ಅಂದರೆ 'ಪ್ರಭುವಿಗೆ ಸೇರಿದ್ದು' ಎಂಬುದು ಬಹುಪಾಲು ವಿದ್ವಾಂಸರ ಮತ. ಇಲ್ಲಿ ಒತ್ತು ಪ್ರಭುವಿನ ಮನೆಯ ಮೇಲೆ. ಲ್ಯಾಟಿನ್ ಕುಲದ್ದೇ ಆದ ರುಮೇನಿಯನ್ ಭಾಷೆಯಲ್ಲಿ ಮಾತ್ರ 'ಬಿಸೆರಿಕ' ಎನ್ನುತ್ತಾರೆ. ಅದು 'ಬಸಿಲಿಕ', ಅಂದರೆ ರೋಮನರ ಸಾರ್ವಜನಿಕ ಸಭಾಂಗಣದ ಹೆಸರಿನಿಂದ ಬಂದದ್ದು.

ಈ ಭೇದ ನಮ್ಮ ಹಾಸನ ಸೀಮೆಗೆ ಹೊಸದೇನಲ್ಲ. ನುಗ್ಗೇಹಳ್ಳಿಯಲ್ಲಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇಗುಲವಿದೆ. 'ದೇಗುಲ' ಬಂದದ್ದು 'ದೇವಕುಲ'ದಿಂದ, ದೇವರ ಮನೆ ಎಂದರ್ಥ. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಜೈನರ 'ಬಸದಿ'ಗಳಿವೆ. ಅದು 'ವಸತಿ'ಯ ತದ್ಭವ. ಎರಡೂ ಮನೆಯನ್ನೇ ಹೇಳುವ ಪದಗಳು. ಕನ್ನಡ ಕಥೋಲಿಕರಾದ ನಮಗಾದರೋ ಮನೆಗೆ 'ದೇವಾಲಯ', ಮಂದಿಗೆ 'ಧರ್ಮಸಭೆ' ಎಂಬ ಎರಡು ಪದಗಳಿವೆ. ಪೋರ್ಚುಗೀಸರು ಎರಡಕ್ಕೂ ಒಂದೇ ಪದ ಬಳಸುತ್ತಾರೆ.

ಎರಡನ್ನೂ ಬೇರೆ ಬೇರೆಯಾಗಿ ಕಾಣುವ ದಿನ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಬಂತು. ಅಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಜಪಸರ ಮಾತೆಯ ದೇವಾಲಯವನ್ನು ಕಟ್ಟಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಕೆಲಸ ಮುಗಿದಾಗ ಊರು ಹಿನ್ನೀರಿನ ಪಾಲಾಯಿತು. ಜನ ಮನೆಮಠ ಬಿಟ್ಟು ಬೇರೆಡೆ ನೆಲೆಸಿದರು. ಜಲಾಶಯ ತುಂಬಿದಾಗ ಮುಳುಗಿ, ನೀರು ಇಳಿದಾಗ ಕಾಣುವ ಆ ಪಾಳುಗೋಡೆಗಳ ಮುಂದೆ ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಮುಳುಗಿದ್ದು 'ಕಿರ್ಕೆ' ಮಾತ್ರ. 'ಎಕ್ಲೇಸಿಯ' ಗಂಟುಮೂಟೆ ಹೊತ್ತು ನಡೆದುಹೋಯಿತು. ಪೂಜಿಸುವ ಮನೆಯನ್ನು ನೀರಿಗೆ ಬಿಟ್ಟುಬಂದವರ ನೋವು ಸಣ್ಣದಲ್ಲ. ದೀಕ್ಷಾಸ್ನಾನ, ವಿವಾಹ, ಹಿರಿಯರ ಅಂತ್ಯಸಂಸ್ಕಾರ ಎಲ್ಲವೂ ನಡೆದದ್ದು ಆ ಸೂರಿನಡಿಯಲ್ಲೇ. ಮನೆ ಬೇಡವೆಂದು ಯಾರೂ ಹೇಳಲಾರರು.

ಆದ್ದರಿಂದ ನಮಗೆ ಎರಡೂ ಪದಗಳು ಬೇಕು. ಸುಣ್ಣ-ಬಣ್ಣಕ್ಕೆ, ಹೊಸ ಗೋಪುರಕ್ಕೆ ನಾವು ಧಾರಾಳವಾಗಿ ವಂತಿಗೆ ಕೊಡುತ್ತೇವೆ; ಒಳ್ಳೆಯದೇ. ಆದರೆ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಅಜ್ಜಿ ಮೂರು ಭಾನುವಾರದಿಂದ ಬಂದಿಲ್ಲವೆಂಬುದನ್ನು ಗಮನಿಸಿದೆವೇ? ಪ್ರೇಷಿತ ಪೌಲರ ಕಾಲದಲ್ಲಿ ಧರ್ಮಸಭೆ ಪ್ರಿಸ್ಕಿಲ್ಲ-ಅಕ್ವಿಲರಂಥವರ ಮನೆಗಳಲ್ಲೇ ಸೇರುತ್ತಿತ್ತು. ಈ ಹಬ್ಬದಂದು ಬಲಿಪೂಜೆ ಮುಗಿಸಿ ದೇವಾಲಯದಿಂದ ಹೊರಬಂದವರು ಹಾಗೆಯೇ ಒಂದು ಮನೆಯ ಬಾಗಿಲು ತಟ್ಟೋಣ. ಇಗರ್ಜಿ ಅಲ್ಲಿಯೂ ಇರುತ್ತದೆ.